ಪಿಕಪ್ ವಾಹನಗಳ ಕಳವು: ಬೀಗದ ಆಚೆಗಿನ ಪ್ರಶ್ನೆಗಳು

ಚನ್ನಗಿರಿ ಸೀಮೆಯಲ್ಲಿ ಅಡಿಕೆ ಸುಗ್ಗಿ ಆರಂಭವಾಯಿತೆಂದರೆ ಪಿಕಪ್ ವಾಹನಗಳಿಗೆ ಹಗಲು ರಾತ್ರಿಯೆಂಬ ಭೇದವಿರುವುದಿಲ್ಲ. ಖೇಣಿದಾರರ ಅಂಗಳದಲ್ಲಿ ಬೆಂದು ಒಣಗಿದ ಅಡಿಕೆಯು ಚೀಲ ಸೇರಿ ಪಟ್ಟಣದ ಮಂಡಿಗಳಿಗೆ, ಭೀಮಸಮುದ್ರಕ್ಕೆ, ಶಿವಮೊಗ್ಗಕ್ಕೆ ಸಾಗುವುದು ಬಹುಮಟ್ಟಿಗೆ ಈ ಸಣ್ಣ ವಾಹನಗಳಲ್ಲಿಯೇ. ಎತ್ತಿನ ಗಾಡಿಯ ಕಾಲದಲ್ಲಿ ಸರಕಿನ ಜೊತೆ ನಾಲ್ಕು ಜನರಾದರೂ ನಡೆಯುತ್ತಿದ್ದರು. ಇಂದು ಒಬ್ಬ ಚಾಲಕ, ಒಂದು ತಾಡಪಾಲು, ಎರಡು ಮಾರು ಹಗ್ಗ, ಇಷ್ಟೇ ಕಾವಲು.

ಈ ಕಾವಲಿನ ಒಳಗೆ ಇರುವ ಬೆಲೆಯನ್ನು ವರ್ತಕರು ಒಮ್ಮೆ ಲೆಕ್ಕ ಹಾಕಿ ನೋಡುವುದು ಒಳಿತು. ಇತ್ತೀಚಿನ ವರ್ಷಗಳಲ್ಲಿ ರಾಶಿ ಅಡಿಕೆಯ ಧಾರಣೆ ಕ್ವಿಂಟಲಿಗೆ 50,000 ರೂಪಾಯಿಯ ಆಸುಪಾಸಿನಲ್ಲಿ ಏರಿಳಿಯುತ್ತಿದೆ. ಒಂದೂವರೆ ಟನ್ ಹೊರುವ ಪಿಕಪ್‌ನಲ್ಲಿ 15 ಕ್ವಿಂಟಲ್ ತುಂಬಿದರೆ ಸರಕಿನ ಬೆಲೆ ಏಳೂವರೆ ಲಕ್ಷ ರೂಪಾಯಿ. ನಾಲ್ಕೈದು ವರ್ಷ ಹಳೆಯದಾದ ವಾಹನವೇ ಅಷ್ಟು ಬೆಲೆ ಬಾಳುವುದಿಲ್ಲ. ಇನ್ನೊಂದು ಬಗೆಯಲ್ಲಿ ನೋಡಬಹುದು. ಮೆಕ್ಕೆಜೋಳಕ್ಕೆ 2025–26ನೇ ಸಾಲಿನ ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ. ಹೊನ್ನಾಳಿಯಿಂದಲೋ ಜಗಳೂರಿನಿಂದಲೋ ಅದೇ ವಾಹನದಲ್ಲಿ 15 ಕ್ವಿಂಟಲ್ ಜೋಳ ಬಂದರೆ ಅದರ ಬೆಲೆ 36,000 ರೂಪಾಯಿ. ಅಡಿಕೆಯಾದರೆ 70 ಕಿಲೋ ತೂಗುವ ಒಂದೇ ಚೀಲಕ್ಕೆ 35,000! ಜೋಳದ ವಾಹನ ಪೂರ್ತಿ ಕದ್ದವನಿಗೆ ಸಿಗುವಷ್ಟು ಲಾಭವು ಅಡಿಕೆಯ ಒಂದು ಚೀಲ ಇಳಿಸಿಕೊಂಡವನಿಗೆ ಸಿಗುತ್ತದೆ. ಹೀಗಿದ್ದರೂ ಎರಡು ಸರಕುಗಳಿಗೂ ಕಟ್ಟುವ ಹಗ್ಗ ಒಂದೇ ಆಗಿರುವುದು ಸೋಜಿಗದ ಸಂಗತಿ.

ವಾಹನ ಕಳವು ಎಂದೊಡನೆ ವಾಹನವೇ ಮಾಯವಾಗುವುದನ್ನು ಎಲ್ಲರೂ ಊಹಿಸುತ್ತಾರೆ. ಆದರೆ ಬ್ಯಾಟರಿ, ಸ್ಟೆಪ್ನಿ ಚಕ್ರ, ಡೀಸೆಲ್, ಇವುಗಳ ಸಣ್ಣ ಕಳವನ್ನು ಮಾಲೀಕರು ದೂರು ಕೊಡದೆ ನುಂಗಿಕೊಳ್ಳುತ್ತಾರೆ. ಕ್ಯಾಬಿನ್ನಿನ ಗಾಜು ಒಡೆದು ನಗದು ಒಯ್ಯುವುದು ಮತ್ತೊಂದು ಬಗೆ. ಬೆಳೆಗಾರರಿಗೆ ನಗದು ಬಟವಾಡೆ ಮಾಡುವ ಪದ್ಧತಿ ಅಡಿಕೆ ವ್ಯಾಪಾರದಲ್ಲಿ ಇನ್ನೂ ಉಳಿದಿರುವುದರಿಂದ, ಖರೀದಿಗೆ ಹೊರಟ ಪಿಕಪ್‌ನ ಡ್ಯಾಶ್‌ಬೋರ್ಡಿನಲ್ಲಿ ಹಣವಿರುತ್ತದೆಂಬುದು ಕಳ್ಳನಿಗೂ ಗೊತ್ತು. ಹಣವನ್ನು ಬ್ಯಾಂಕಿನ ಮೂಲಕವೇ ಪಾವತಿಸುವ ವರ್ತಕನ ವಾಹನದ ಗಾಜು ಒಡೆಯುವುದರಿಂದ ಯಾರಿಗೂ ಪ್ರಯೋಜನವಿಲ್ಲ. ಮೂಲ ದಾಖಲೆಗಳನ್ನು ಕ್ಯಾಬಿನ್ನಿನಲ್ಲಿ ಇರಿಸುವುದೂ ಅನಗತ್ಯ. ಡಿಜಿಲಾಕರ್ ಮತ್ತು ಎಂಪರಿವಾಹನ್‌ನಲ್ಲಿರುವ ದಾಖಲೆಗಳಿಗೆ 2018ರಿಂದ ಮಾನ್ಯತೆ ಇದೆ.

ಎಲ್ಲಕ್ಕಿಂತ ಹೆಚ್ಚಿನ ನಷ್ಟ ರಾತ್ರಿಯ ನಿಲುಗಡೆಯಲ್ಲಿ. ಸಂಜೆ ತಡವಾಗಿ ಬಂದ ಸರಕನ್ನು ಮಂಡಿಯವರು ಇಳಿಸಿಕೊಳ್ಳದಿದ್ದರೆ ವಾಹನವು ರಸ್ತೆಯ ಬದಿಯಲ್ಲೋ ಪೆಟ್ರೋಲ್ ಬಂಕಿನ ಅಂಚಿನಲ್ಲೋ ಬೆಳಗಿನವರೆಗೆ ನಿಲ್ಲಬೇಕು. ಚಾಲಕ ಮುಂದೆ ಮಲಗಿರುತ್ತಾನೆ, ಹಿಂದೆ ತಾಡಪಾಲಿಗೆ ಬ್ಲೇಡು ಬೀಳುತ್ತದೆ. ಒಂದೋ ಎರಡೋ ಚೀಲ ಹೋದರೆ ಬೆಳಗ್ಗೆ ತೂಕದ ಹೊತ್ತಿನವರೆಗೆ ತಿಳಿಯುವುದೇ ಇಲ್ಲ. ತಿಳಿದ ಮೇಲೆ ಅನುಮಾನವು ಮೊದಲು ಬೀಳುವುದು ಚಾಲಕನ ಮೇಲೆ. ಹೊರಡುವಾಗ ಚೀಲಗಳ ಎಣಿಕೆ ಮತ್ತು ತೂಕದ ಚೀಟಿಗೆ ಇಬ್ಬರ ಸಹಿ ಇದ್ದಿದ್ದರೆ ಆ ಬಡವನ ಮಾನ ಉಳಿಯುತ್ತಿತ್ತು, ಅಥವಾ ತಪ್ಪಿತಸ್ಥನಾಗಿದ್ದರೆ ಅದೂ ಸಾಬೀತಾಗುತ್ತಿತ್ತು.

ಉಪಕರಣಗಳ ವಿಚಾರದಲ್ಲಿ ಮಾರಾಟಗಾರರ ಮಾತನ್ನು ಪೂರ್ತಿ ನಂಬಬೇಕಾಗಿಲ್ಲ. ಜಿಪಿಎಸ್ ಸಾಧನವು ವಾಹನ ಎಲ್ಲಿದೆಯೆಂದು ಹೇಳುತ್ತದೆಯೇ ಹೊರತು ಅದನ್ನು ಹಿಡಿದು ನಿಲ್ಲಿಸುವುದಿಲ್ಲ. ಸಿಮ್ ರೀಚಾರ್ಜ್ ಮುಗಿದಿದ್ದರೆ, ಮಾಲೀಕನ ಮೊಬೈಲು ರಾತ್ರಿ ಮೌನವಾಗಿದ್ದರೆ, ಅದು ಇದ್ದೂ ಇಲ್ಲದಂತೆ. ಚೀಲ ಇಳಿಸುವವನಿಗಂತೂ ಅದರಿಂದ ಯಾವ ಅಡ್ಡಿಯೂ ಇಲ್ಲ, ಏಕೆಂದರೆ ವಾಹನ ನಿಂತಲ್ಲೇ ನಿಂತಿರುತ್ತದೆ. ಹಳೆಯ ಮಾದರಿಯ ಪಿಕಪ್‌ಗಳಿಗೆ ಗೇರಿಗೆ ಹಾಕುವ ಉಕ್ಕಿನ ಬೀಗ, ಇಂಧನ ಅಥವಾ ಬ್ಯಾಟರಿ ಸಂಪರ್ಕವನ್ನು ಕಡಿದುಹಾಕುವ ಗುಪ್ತ ಸ್ವಿಚ್ಚು, ಸ್ಟೆಪ್ನಿಗೆ ಸರಪಳಿ, ಡೀಸೆಲ್ ಟ್ಯಾಂಕಿಗೆ ಬೀಗದ ಮುಚ್ಚಳ, ಇವು ಕಡಿಮೆ ಖರ್ಚಿನಲ್ಲಿ ಹೆಚ್ಚು ಹೊತ್ತು ಕಳ್ಳನನ್ನು ಕಾಯಿಸುವ ಸಾಧನಗಳು. ಕಳ್ಳನಿಗೆ ಬೇಡವಾದದ್ದು ಸಮಯವೇ. ಅಡಿಕೆಗಾಗಿಯೇ ಓಡುವ ವಾಹನಕ್ಕೆ ತಾಡಪಾಲಿನ ಬದಲು ಮುಚ್ಚಿದ ಉಕ್ಕಿನ ಪೆಟ್ಟಿಗೆ ಕಟ್ಟಿಸುವುದು ಸರಿಯಾದ ಮಾರ್ಗ. ಆದರೆ ಅಂತಹ ಬದಲಾವಣೆಗೆ ನೋಂದಣಿ ಪ್ರಾಧಿಕಾರದ ಅನುಮೋದನೆ ಬೇಕು. ಅದಿಲ್ಲದೆ ಕಟ್ಟಿಸಿದರೆ ವಿಮೆಯ ಸಂದರ್ಭದಲ್ಲಿ ತೊಡಕಾಗುತ್ತದೆ.

ಬೀಗ ಎಷ್ಟೇ ಗಟ್ಟಿಯಾಗಿರಲಿ, ಕೀಲಿ ವಾಹನದಲ್ಲಿಯೇ ನೇತಾಡುತ್ತಿದ್ದರೆ ಏನು ಫಲ? ದಾರಿ ಕೇಳಲೆಂದು ಚಾಲಕನು ಕೀಲಿ ಬಿಟ್ಟು ಇಳಿದಾಗ ಕಳುವಾದ ಲಾರಿಯ ಪ್ರಕರಣವೊಂದು ಸುಪ್ರೀಂ ಕೋರ್ಟಿನವರೆಗೆ ಹೋಗಿ, 2023ರಲ್ಲಿ ತೀರ್ಮಾನವಾಯಿತು. ಪರಿಹಾರವನ್ನು ಪೂರ್ತಿ ನಿರಾಕರಿಸುವುದು ತಪ್ಪೆಂದು ನ್ಯಾಯಾಲಯ ಹೇಳಿತಾದರೂ ಮಾಲೀಕನಿಗೆ ದೊರೆತದ್ದು ಶೇಕಡಾ 75 ಮಾತ್ರ. ಉಳಿದ ಕಾಲು ಭಾಗ ಒಂದು ನಿಮಿಷದ ಉದಾಸೀನಕ್ಕೆ ತೆತ್ತ ದಂಡ, ಜೊತೆಗೆ ವರ್ಷಗಟ್ಟಲೆ ಅಲೆದಾಟ.

ವಿಮೆಯ ಬಗ್ಗೆ ಸಣ್ಣ ಉದ್ಯಮಿಗಳಲ್ಲಿ ಬೇರೂರಿರುವ ಒಂದು ಭ್ರಮೆಯನ್ನು ಇಲ್ಲಿ ಹೇಳಲೇಬೇಕು. ವಾಹನದ ವಿಮೆ ಇದೆಯೆಂದರೆ ಒಳಗಿನ ಸರಕಿಗೂ ರಕ್ಷಣೆ ಇದೆಯೆಂದು ಬಹಳ ಮಂದಿ ತಿಳಿದಿದ್ದಾರೆ. ಇಲ್ಲ. ಸರಕಿಗೆ ಪ್ರತ್ಯೇಕವಾದ ಸಾಗಾಣಿಕೆ ವಿಮೆ ಬೇಕು, ಅದರಲ್ಲಿಯೂ ಕಳವು ಸೇರಿರುವ ಪಾಲಿಸಿಯೇ ಆಗಬೇಕು. ಪ್ರೀಮಿಯಂ ಕಡಿಮೆಯೆಂದು ಬೆಂಕಿ, ಅಪಘಾತಕ್ಕಷ್ಟೇ ಸೀಮಿತವಾದ ಪಾಲಿಸಿ ಕೊಂಡವನಿಗೆ ಕಳವಾದಾಗ ಬಿಡಿಗಾಸೂ ಬರದು. ಮೂರನೇ ವ್ಯಕ್ತಿಯ ವಿಮೆಯನ್ನಷ್ಟೇ ಮಾಡಿಸಿದ್ದರೆ ವಾಹನಕ್ಕೂ ಪರಿಹಾರವಿಲ್ಲ. ಸಮಗ್ರ ವಿಮೆ ಇದ್ದರೂ ಘೋಷಿತ ಮೌಲ್ಯವು ಮೂರು ವರ್ಷ ತುಂಬಿದ ವಾಹನಕ್ಕೆ ಶೇಕಡಾ 40ರಷ್ಟು, ನಾಲ್ಕು ತುಂಬಿದ ಮೇಲೆ ಶೇಕಡಾ 50ರಷ್ಟು ಇಳಿದಿರುತ್ತದೆ. ಸಾಲದ ಕಂತು ಮಾತ್ರ ಇಳಿಯುವುದಿಲ್ಲ. ಇದರ ಮೇಲೆ ಜಿಎಸ್‌ಟಿ ಕಾಯ್ದೆಯ 17(5) ಕಲಮು ಇನ್ನೊಂದು ಬರೆ ಎಳೆಯುತ್ತದೆ. ಕಳುವಾದ ಸರಕಿನ ಮೇಲೆ ಪಡೆದ ಹೂಡುವಳಿ ತೆರಿಗೆ ಜಮೆಯನ್ನು ಹಿಂದಿರುಗಿಸಬೇಕು. ಮಾಲು ಹೋದವನೇ ತೆರಿಗೆಯನ್ನೂ ಕಟ್ಟಬೇಕೆಂಬ ಈ ನಿಯಮದ ನ್ಯಾಯವನ್ನು ವಾಣಿಜ್ಯ ಸಂಘಗಳು ಇನ್ನಷ್ಟು ಗಟ್ಟಿಯಾಗಿ ಪ್ರಶ್ನಿಸಬೇಕಾಗಿದೆ.

ಕಾನೂನು ಮಾತ್ರ ಈಚೆಗೆ ವರ್ತಕರ ಕಡೆಗೆ ಕೊಂಚ ವಾಲಿದೆ. ಹಳೆಯ ದಂಡ ಸಂಹಿತೆಯ 379ನೇ ಕಲಮಿನಡಿ ಸಾಧಾರಣ ಕಳವಿಗೆ ಮೂರು ವರ್ಷ ಶಿಕ್ಷೆಯಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 305ನೇ ಕಲಮು ಸರಕು ಸಾಗಿಸುವ ವಾಹನದ ಕಳವನ್ನೂ, ಅಂತಹ ವಾಹನದಿಂದ ಸರಕನ್ನು ಕದಿಯುವುದನ್ನೂ ಪ್ರತ್ಯೇಕವಾಗಿ ಹೆಸರಿಸಿ ಏಳು ವರ್ಷದವರೆಗಿನ ಶಿಕ್ಷೆಯನ್ನು ವಿಧಿಸಿದೆ. ಕಳವು ಯಾವ ಠಾಣೆಯ ಸರಹದ್ದಿನಲ್ಲಿ ನಡೆದಿದ್ದರೂ ಹತ್ತಿರದ ಠಾಣೆಯಲ್ಲಿ ದೂರು ದಾಖಲಿಸಬಹುದು. ವಿದ್ಯುನ್ಮಾನ ಮಾಧ್ಯಮದಲ್ಲಿ ದೂರು ಕಳುಹಿಸಿದರೆ ಮೂರು ದಿನಗಳೊಳಗೆ ಹೋಗಿ ಸಹಿ ಮಾಡಿದರಾಯಿತು. ಚನ್ನಗಿರಿಯಿಂದ ಹೊರಟು ಹೊಳಲ್ಕೆರೆಯ ಆಚೆ ಕಳವಾದದ್ದನ್ನು ಅರಿತವನಿಗೆ ಇದು ಸಣ್ಣ ಅನುಕೂಲವಲ್ಲ. ದೂರು ಬೇಗನೆ ದಾಖಲಾಗಿದ್ದಲ್ಲಿ ವಿಮಾ ಕಂಪನಿಗೆ ತಡವಾಗಿ ತಿಳಿಸಿದ ಒಂದೇ ಕಾರಣಕ್ಕೆ ಪರಿಹಾರ ನಿರಾಕರಿಸಲಾಗದೆಂದು 2020ರ ಜನವರಿಯಲ್ಲಿ ಟ್ರ್ಯಾಕ್ಟರ್ ಕಳವಿನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆ ಮಾಲೀಕನು ಕಂಪನಿಗೆ ತಿಳಿಸಿದ್ದು 52 ದಿನಗಳ ಅನಂತರ. ಆದರೆ ಪೊಲೀಸರಿಗೆ ಅದೇ ದಿನ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬ ಗಾದೆ ಇದೆಯಾದರೂ, ಸೂರೆ ಹೋದ ದಿನವೇ ಠಾಣೆಯ ಬಾಗಿಲು ತಟ್ಟುವುದರಲ್ಲಿ ಲಾಭವಿದೆ.

ಒಬ್ಬೊಬ್ಬರೇ ಬೀಗ ಕೊಳ್ಳುವುದರಿಂದ ರಾತ್ರಿಯ ನಿಲುಗಡೆಯ ಸಮಸ್ಯೆ ಬಗೆಹರಿಯುವುದಿಲ್ಲ. ಮಾರುಕಟ್ಟೆ ಪ್ರಾಂಗಣದಲ್ಲಿ ಬೇಲಿ, ದೀಪ, ಕ್ಯಾಮೆರಾ ಇರುವ ಒಂದು ನಿಲುಗಡೆ ಜಾಗವನ್ನು ಸುಗ್ಗಿಯ ತಿಂಗಳುಗಳಿಗಾದರೂ ವರ್ತಕರೇ ಸೇರಿ ನಡೆಸಬಹುದು. ದಿನಕ್ಕೆ 40 ವಾಹನಗಳು ತಲಾ 50 ರೂಪಾಯಿ ಕೊಟ್ಟರೆ ರಾತ್ರಿಗೆ 2,000 ರೂಪಾಯಿ ಕೂಡುತ್ತದೆ, ಇಬ್ಬರು ಕಾವಲುಗಾರರಿಗೆ ಅದು ಸಾಕು. ಬಾಡಿಗೆಗೆ ಚೌಕಾಸಿ ಮಾಡುವ ವರ್ತಕರು ಈ 50 ರೂಪಾಯಿಯನ್ನು ಚಾಲಕನ ತಲೆಗೆ ಕಟ್ಟಬಾರದು. ಹಾಗೆ ಕಟ್ಟಿದರೆ ಅವನು ಮತ್ತೆ ರಸ್ತೆಯ ಬದಿಯಲ್ಲಿಯೇ ನಿಲ್ಲಿಸುತ್ತಾನೆ. ಇದಕ್ಕಿಂತಲೂ ಸುಲಭವಾದದ್ದೆಂದರೆ, ತಡವಾಗಿ ಬಂದ ಸರಕನ್ನು ಮಂಡಿಗಳು ಚೀಲದ ಎಣಿಕೆಯ ರಸೀದಿ ಕೊಟ್ಟು ಗೋದಾಮಿಗೆ ಇಳಿಸಿಕೊಂಡು, ತೂಕವನ್ನು ಬೆಳಗ್ಗೆ ಮಾಡುವುದು. ರಾತ್ರಿ ಕೆಲಸಕ್ಕೆ ಹಮಾಲರು ಹೆಚ್ಚಿನ ಕೂಲಿ ಕೇಳುವರೆಂಬ ಆಕ್ಷೇಪ ಬರುವುದು ಖಂಡಿತ. ಕೇಳುವುದು ನ್ಯಾಯವೇ ಆಗಿದೆ. ಒಂದು ಚೀಲ ಅಡಿಕೆಯ ಬೆಲೆಯಲ್ಲಿ ಎಷ್ಟು ರಾತ್ರಿಗಳ ಆ ಹೆಚ್ಚುವರಿ ಕೂಲಿ ಸಂದಾಯವಾಗುವುದೆಂಬುದನ್ನು ಮಂಡಿಯ ಗುಮಾಸ್ತರೇ ಲೆಕ್ಕ ಹಾಕಿ ಹೇಳಬಲ್ಲರು.