ವಿನೈಲ್ ಸ್ಟಿಕ್ಕರ್: ಪ್ರಿಂಟರಿನ ಬೆಲೆಗಿಂತ ಶಾಯಿಯ ಬಾಳಿಕೆ ಮುಖ್ಯ

ಸಣ್ಣ ಕೈಗಾರಿಕೆಗಳ ವೆಚ್ಚಪಟ್ಟಿಯಲ್ಲಿ ಸ್ಟಿಕ್ಕರಿನ ಬಾಬ್ತು ಅತ್ಯಲ್ಪವಾದುದು. ಆ ಕಾರಣಕ್ಕಾಗಿಯೇ ಅದರ ಖರೀದಿಯ ವಿಚಾರ ಮಾಲೀಕರ ಮೇಜಿನವರೆಗೆ ಬರುವುದು ಅಪರೂಪ. ಆದರೆ ಸರಕು ಕಾರ್ಖಾನೆಯಿಂದ ಹೊರಬಿದ್ದ ನಂತರ ತಯಾರಕರ ಹೆಸರು, ಮಾದರಿ, ಕ್ರಮಸಂಖ್ಯೆ ಹಾಗೂ ಎಚ್ಚರಿಕೆಯ ಸೂಚನೆಗಳಿಗೆ ಬಹುಪಾಲು ಆ ವಿನೈಲ್ ತುಂಡೇ ಆಧಾರ. ಅಕ್ಷರ ಅಳಿಸಿದರೆ ವಾರಂಟಿಯ ದಾಖಲೆಯೂ ಅಳಿಸಿದಂತೆಯೇ ಸರಿ.

ದೇವನಹಳ್ಳಿ ಮತ್ತು ಚಿಕ್ಕಬಳ್ಳಾಪುರದ ನಡುವೆ ರಾಷ್ಟ್ರೀಯ ಹೆದ್ದಾರಿ 44ರಲ್ಲಿರುವ ಆವತಿಯ ಸೀಮೆ ದ್ರಾಕ್ಷಿ ತೋಟಗಳಿಗೆ ಹೆಸರಾದುದು. ಇಂತಹ ತೋಟಗಳಲ್ಲಿ ಸಿಂಪಡಣಾ ಯಂತ್ರ, ಪಂಪಿನ ಸ್ಟಾರ್ಟರ್ ಪೆಟ್ಟಿಗೆ, ಹನಿ ನೀರಾವರಿಯ ಫಿಲ್ಟರ್ ಮುಂತಾದವು ಬಿಸಿಲು, ಮಳೆ, ಡೀಸೆಲ್ ಹಾಗೂ ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಸಹಿಸಬೇಕು. ಸ್ಟಿಕ್ಕರನ್ನು ಆರಿಸುವವರು ಅಂಗಡಿಯ ಗಾಜಿನ ಕಪಾಟನ್ನಲ್ಲ, ಈ ತೋಟವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುವುದು ಒಳಿತು.

ಕಚೇರಿಯ ಸಾಮಾನ್ಯ ಇಂಕ್‌ಜೆಟ್‌ಗಳಲ್ಲಿ ಬಳಸುವ ಡೈ ಶಾಯಿ ಹೊರಾಂಗಣದ ಬಿಸಿಲಿಗೆ ಬೇಗ ಮಾಸುತ್ತದೆ. ನೀರು ತಗುಲಿದರೆ ಹರಡುತ್ತದೆ. ಪಿಗ್ಮೆಂಟ್ ಶಾಯಿ ಅದಕ್ಕಿಂತ ಮೇಲು. ಹೊರಾಂಗಣಕ್ಕೆ ಯೋಗ್ಯವಾದವು ಇಕೋ ಸಾಲ್ವೆಂಟ್, ಲ್ಯಾಟೆಕ್ಸ್ ಹಾಗೂ ಯುವಿ ಶಾಯಿಗಳು. ಇಕೋ ಸಾಲ್ವೆಂಟ್ ಶಾಯಿ ವಿನೈಲ್‌ನ ಮೇಲ್ಪದರವನ್ನು ತುಸು ಕರಗಿಸಿ ಅದರಲ್ಲಿ ಕೂರುತ್ತದೆ. ಯುವಿ ಶಾಯಿ ಬೆಳಕಿನಿಂದ ಕ್ಷಣದಲ್ಲಿ ಗಟ್ಟಿಯಾಗುತ್ತದೆ. ಕ್ರಮಸಂಖ್ಯೆ, ಬಾರ್‌ಕೋಡ್‌ಗಳಿಗೆ ರೆಸಿನ್ ರಿಬ್ಬನ್‌ನ ಥರ್ಮಲ್ ಟ್ರಾನ್ಸ್‌ಫರ್ ಪ್ರಿಂಟರ್ ಸಾಕು. ಒಂದೆರಡು ಬಣ್ಣಗಳ ಸಾವಿರಾರು ಪ್ರತಿಗಳಿಗೆ ಹಳೆಯ ಸ್ಕ್ರೀನ್ ಪ್ರಿಂಟಿಂಗ್ ಇಂದಿಗೂ ಮಿತವ್ಯಯಿ.

ಶಾಯಿಯೊಂದೇ ಸಾಲದು. ಕ್ಯಾಲೆಂಡರ್ಡ್ ವಿನೈಲ್ ಅಗ್ಗ, ಆದರೆ ಕಾಲಕ್ರಮೇಣ ಕುಗ್ಗಿ ಅಂಚು ಏಳುತ್ತದೆ. ಅದರಲ್ಲೂ ಮಾನೋಮೆರಿಕ್‌ಗಿಂತ ಪಾಲಿಮೆರಿಕ್ ಬಾಳಿಕೆ ಬರುತ್ತದೆ. ಬಾಗಿದ ಮೇಲ್ಮೈಗೆ ಕಾಸ್ಟ್ ವಿನೈಲ್ ಉತ್ತಮ. ಮೇಲೆ ಪಾರದರ್ಶಕ ಲ್ಯಾಮಿನೇಷನ್ ಇದ್ದರೆ ಬಿಸಿಲು, ಗೀರು, ರಾಸಾಯನಿಕಗಳಿಂದ ರಕ್ಷಣೆ ದೊರೆಯುತ್ತದೆ. ಸಾಲ್ವೆಂಟ್ ಶಾಯಿಯ ಮುದ್ರಣವನ್ನು ಕನಿಷ್ಠ ಒಂದು ದಿನ ಒಣಗಲು ಬಿಡದೆ ಲ್ಯಾಮಿನೇಟ್ ಮಾಡಿದರೆ ಅಂಟು ಕೆಡುವ ಸಂಭವವುಂಟು.

ಇನ್ನು ಲೆಕ್ಕದ ಮಾತು. ಒಂದು ಸ್ಟಿಕ್ಕರಿಗೆ 8 ರೂ., ಬಾಳಿಕೆಯದಕ್ಕೆ 20 ರೂ. ಎಂದು ಉದಾಹರಣೆಗಾಗಿ ಇಟ್ಟುಕೊಂಡರೆ, 500 ಯಂತ್ರಗಳಿಗೆ ಆಗುವ ಉಳಿತಾಯ 6,000 ರೂ. ಮಾತ್ರ. ಆದರೆ ಮಾರಾಟವಾದ ಯಂತ್ರಕ್ಕೆ ಮತ್ತೆ ಸ್ಟಿಕ್ಕರ್ ಅಂಟಿಸಲು ಯಾರೂ ಹೋಗುವುದಿಲ್ಲ. ಕ್ರಮಸಂಖ್ಯೆ ಕಾಣದ ಯಂತ್ರವೊಂದನ್ನು, ಅವಧಿ ಮೀರಿದ್ದರೂ, ಗ್ರಾಹಕರ ಮಾತಿನ ಮೇಲೆ ಬದಲಾಯಿಸಿಕೊಟ್ಟರೆ ಈ ಉಳಿತಾಯವೆಲ್ಲ ಕರಗಬಹುದು. ಕಾಸಿಗೆ ತಕ್ಕ ಕಜ್ಜಾಯ ಎಂಬ ಗಾದೆಯಲ್ಲಿ ಕಾಸನ್ನು ವರ್ಷಗಳಿಂದ ಭಾಗಿಸಿ ನೋಡಬೇಕು.

ಸ್ವಂತ ಪ್ರಿಂಟರ್ ಕೊಳ್ಳುವ ಉತ್ಸಾಹಕ್ಕೂ ಇದೇ ಲೆಕ್ಕ ಅನ್ವಯ. ಇಕೋ ಸಾಲ್ವೆಂಟ್ ಯಂತ್ರ ಕೆಲಸವಿಲ್ಲದೆ ನಿಂತರೆ ಹೆಡ್ ಕಟ್ಟಿಕೊಳ್ಳುತ್ತದೆ. ಶುದ್ಧೀಕರಣಕ್ಕೇ ಶಾಯಿ ವ್ಯಯವಾಗುತ್ತದೆ. ಹೂಡುವಳಿ ತೆರಿಗೆ ಜಮೆ ದೊರೆಯುವುದೆಂಬುದು ಕೊಳ್ಳಲು ಕಾರಣವಾಗಲಾರದು. ಸಾಮಾನ್ಯ ಜಿಎಸ್‌ಟಿ ನೋಂದಣಿಯ ತಯಾರಕರಿಗೆ ಹೊರಗಿನ ಮುದ್ರಣದ ಬಿಲ್ಲಿನ ಮೇಲೂ ಆ ಜಮೆ ಲಭ್ಯ. ಜಮೆ ಪಡೆದ ತೆರಿಗೆಯ ಮೊತ್ತದ ಮೇಲೆ ಸವಕಳಿಯನ್ನಂತೂ ಕೇಳುವಂತಿಲ್ಲ. ಪ್ರತಿವಾರ ನಿಯತವಾಗಿ ಕೆಲಸವಿರುವವರಿಗೆ ಮಾತ್ರ ಸ್ವಂತ ಯಂತ್ರ ಲಾಭದಾಯಕ.

ಉಳಿದವರು ಖರೀದಿ ಆದೇಶದಲ್ಲಿ "ಸ್ಟಿಕ್ಕರ್, ಬಹುವರ್ಣ" ಎಂದಷ್ಟೇ ಬರೆಯುವ ರೂಢಿಯನ್ನು ಬಿಡಬೇಕು. ಶಾಯಿಯ ಬಗೆ, ವಿನೈಲ್‌ನ ಬಗೆ, ಲ್ಯಾಮಿನೇಷನ್, ಅಂಟಿಸುವ ಮೇಲ್ಮೈ ಹಾಗೂ ಅಪೇಕ್ಷಿತ ವರ್ಷಗಳನ್ನು ನಮೂದಿಸಬೇಕು. ತಯಾರಕರು ಹೇಳುವ ಬಾಳಿಕೆ ಸಾಮಾನ್ಯವಾಗಿ ನೆಟ್ಟಗೆ ನಿಂತ ಮೇಲ್ಮೈಗೆ ಸಂಬಂಧಿಸಿದ್ದು. ಬಿಸಿಲಿಗೆ ಮೈಯೊಡ್ಡಿ ಮಲಗಿದ ಮುಚ್ಚಳದ ಮೇಲೆ ಅದು ಕಡಿಮೆ. ದೊಡ್ಡ ಆದೇಶಕ್ಕೆ ಮುನ್ನ ಕೆಲವು ಮಾದರಿಗಳನ್ನು ತೋಟದ ಯಂತ್ರಕ್ಕೇ ಅಂಟಿಸಿ, ಒಂದು ಬೇಸಿಗೆ ಕಾದು ನೋಡುವುದು ಅತ್ಯಂತ ಅಗ್ಗದ ಪರೀಕ್ಷೆ.