ಕನ್ನಡಿಯ ಮುಂದೆ: ಹಟ್ಟಿಯಂಗಡಿಯ ಮದುವೆಗೆ ಸೀರೆ ಉಟ್ಟು

ಸೆಕೆಗಾಲದ ಮುಖಲೇಪಗಳ ಬಗ್ಗೆ ಈ ಸಲ ಬರೆಯುತ್ತೇನೆಂದು ಹಿಂದಿನ ಸಂಚಿಕೆಯಲ್ಲಿ ಮಾತು ಕೊಟ್ಟಿದ್ದೆ. ಅದನ್ನು ಮುಂದಕ್ಕೆ ಹಾಕಿದ್ದೇನೆ, ಸೋದರಿಯರು ಕ್ಷಮಿಸಬೇಕು. ಬಂದ ಕಾಗದಗಳ ಕಟ್ಟಿನಲ್ಲಿ ಒಂದಕ್ಕೆ ತಡಮಾಡದೆ ಉತ್ತರ ಬರೆಯಬೇಕಾಗಿದೆ. ಅದರಲ್ಲಿ ಮದುವೆಯ ದಿನ ಗೊತ್ತಾಗಿದೆ. ಉಳಿದಿರುವುದು ಆರೇ ವಾರ.

ಬರೆದವರ ಊರು ಕುಂದಾಪುರದ ಹತ್ತಿರದ ಹಟ್ಟಿಯಂಗಡಿ. ಊರಿನ ಹೆಸರು ಹಾಕಬಹುದು, ನನ್ನ ಹೆಸರು ಬೇಡ ಎಂದಿದ್ದಾರೆ. ಈಗ ಬೆಂಗಳೂರಿನಲ್ಲಿ ಕೆಲಸ. ಹುಟ್ಟಿದಾಗ ಗಂಡುಮಗುವೆಂದು ಹೆಸರಿಟ್ಟು ಬೆಳೆಸಿದರು. ಮೂರು ವರ್ಷಗಳಿಂದ ಹೆಣ್ಣಾಗಿಯೇ ಬದುಕುತ್ತಿದ್ದಾರೆ. ಮೂರು ಪುಟದ ಕಾಗದದ ತುಂಬ ಪ್ರಶ್ನೆಗಳು: ಗಡ್ಡದ ನೆರಳು ಮುಚ್ಚುವುದು ಹೇಗೆ, 5 ಅಡಿ 9 ಅಂಗುಲದವರಿಗೆ ಎಂಥ ಸೀರೆ, ಸ್ವರಕ್ಕೆ ಏನು ಮಾಡಲಿ, “ನೋಡಿದವರಿಗೆ ಹುಟ್ಟಾ ಹೆಣ್ಣೇ ಅನ್ನಿಸ್ಬೇಕು ಅಕ್ಕಾ, ಯಾರಿಗೂ ಗೊತ್ತಾಗ್ಬಾರ್ದು.” ಸಹಿಯ ಕೆಳಗೆ ಸಣ್ಣ ಅಕ್ಷರದಲ್ಲಿ ಎರಡು ಸಾಲು: “ತಂಗಿಯ ಮದುವೆ. ಅಮ್ಮ ಬಾ ಅಂದಿದ್ದಾರೆ, ಆದ್ರೆ ಪ್ಯಾಂಟು ಶರ್ಟು ಹಾಕ್ಕೊಂಡ್ ಬಾ ಅಂದಿದ್ದಾರೆ.”

ಇಂಥ ಕಾಗದಕ್ಕೆ ಈ ಪುಟದಲ್ಲಿ ಜಾಗವೇ ಎಂದು ಕೇಳುವವರೂ ಇದ್ದಾರು. ತಾನು ಗಂಡೋ, ಹೆಣ್ಣೋ, ತೃತೀಯ ಲಿಂಗವೋ ಎಂಬುದನ್ನು ತಾನೇ ಹೇಳಿಕೊಳ್ಳುವ ಹಕ್ಕನ್ನು ಸುಪ್ರೀಂ ಕೋರ್ಟು 2014ರ ಏಪ್ರಿಲ್ 15ರ ತೀರ್ಪಿನಲ್ಲೇ ಎತ್ತಿಹಿಡಿದಿತ್ತು. ಅದು ಕೋರ್ಟಿನ ಮಾತಾಯಿತು. ನನ್ನ ಮಟ್ಟಿಗೆ, ಸೀರೆ ಉಡುವುದು ಹೇಗೆಂದು ಕೇಳಿದವರಿಗೆ ಹೇಳಿಕೊಡುವುದು ಈ ಪುಟದ ಕೆಲಸ.

ಅಕ್ಕಾ ಎಂದು ಕರೆದ ಮೇಲೆ ಬಹುವಚನ ಬೇಡ. ತಂಗೀ, ಮೊದಲು ಒಂದು ವಿಷಯ ಬಿಡಿಸಿಕೊಳ್ಳೋಣ. ನಿನ್ನನ್ನು ನೋಡುವವರು ಎರಡು ಬಗೆ. ಬೆಂಗಳೂರಿನಿಂದ ರಾತ್ರಿ ಬಸ್ಸು ಹತ್ತಿದರೆ ಪಕ್ಕದ ಸೀಟಿನವರು, ಕುಂದಾಪುರದಲ್ಲಿ ಇಳಿದಾಗ ಚಾ ಕೊಡುವವರು, ಇವರಿಗೆಲ್ಲ ನೀನು ಯಾರೋ ಒಬ್ಬಳು. ಅವರ ಕಣ್ಣು ನಿನ್ನ ಮೇಲೆ ನಿಲ್ಲದೆ ಮುಂದೆ ಹೋಗಬೇಕು ಎಂಬ ಆಸೆ ಸರಿಯಾದದ್ದೇ, ಅದಕ್ಕೆ ಉಪಾಯಗಳೂ ಇವೆ. ಆದರೆ ತಲ್ಲೂರಿನಿಂದ ಒಳಗೆ ತಿರುಗಿದ ಮೇಲೆ ಸಿಗುವವರೆಲ್ಲ ನಿನ್ನನ್ನು ಕೂಸಾಗಿದ್ದಾಗಿನಿಂದ ಕಂಡವರು. ಅಲ್ಲಿ ಗೊತ್ತಾಗದ ಹಾಗೆ ಮಾಡುವ ಪೌಡರು ಯಾವ ಅಂಗಡಿಯಲ್ಲೂ ಸಿಗದು. ಅಲ್ಲಿಗೆ ಬೇಕಾದ್ದು ಬೇರೆಯದೇ ತಯಾರಿ. ಎರಡನ್ನೂ ಬೆರೆಸಿಕೊಂಡಿದ್ದರಿಂದಲೇ ನಿನಗೆ ಇಷ್ಟು ಗಾಬರಿ ಎಂದು ನನಗೆ ಕಾಣುತ್ತದೆ.

ಸಿಂಗಾರ ಕಲಿತದ್ದು ಆಟದ ಸ್ತ್ರೀವೇಷ ನೋಡಿ ಎಂದು ಬರೆದಿದ್ದೀ. ನಮ್ಮ ಕಡೆಯಲ್ಲಿ ಹುಟ್ಟಿದವರಿಗೆ ಅದು ಸಹಜ. ಮಂದಾರ್ತಿ, ಮಾರಣಕಟ್ಟೆ ಮೇಳಗಳ ಆಟಕ್ಕೆ ಚಾಪೆ ಹಾಸಿ ಕೂತ ಯಾವ ಹೆಂಗಸು ಆ ಸೀರೆ, ಆ ವಯ್ಯಾರ ನೋಡಿ ಹೊಟ್ಟೆಕಿಚ್ಚು ಪಟ್ಟಿಲ್ಲ! ಮಂಟಪ ಪ್ರಭಾಕರ ಉಪಾಧ್ಯಾಯರಂತೂ ಏಕವ್ಯಕ್ತಿ ಯಕ್ಷಗಾನದಲ್ಲಿ ಒಬ್ಬರೇ ರಂಗದ ಮೇಲೆ ನಿಂತು ಹೆಣ್ಣಿನ ಪಾತ್ರಗಳನ್ನು ಕಟ್ಟಿದವರು. ಆದರೆ ಚೌಕಿಯಲ್ಲಿ ಬಿಳಿಗೆ ಹಳದಿ, ಕೆಂಪು ಬೆರೆಸಿ ದಪ್ಪಕ್ಕೆ ಬಣ್ಣ ಬಳಿಯುವುದು ರಾತ್ರಿಯ ಬೆಳಕಿನಲ್ಲಿ, ಐವತ್ತು ಅಡಿ ದೂರದಲ್ಲಿ ಕೂತವರಿಗೆ ಕಾಣಲಿ ಎಂದು. ಹುಬ್ಬು ಕುಣಿಸುವುದು, ಸೊಂಟ ಬಳುಕಿಸುವುದು ಕೂಡ ಅದಕ್ಕೇ. ನಿನ್ನನ್ನು ನೋಡುವುದು ಹಗಲಿನಲ್ಲಿ, ಒಂದು ಮೊಳ ದೂರದಿಂದ. ಚಿಕ್ಕವಳಿದ್ದಾಗ ಬೆಳಗಿನ ಜಾವ ಚೌಕಿಗೆ ಇಣುಕಿದ್ದೆ. ರಾತ್ರಿಯಿಡೀ ನಮ್ಮನ್ನೆಲ್ಲ ಅಳಿಸಿದ ದ್ರೌಪದಿ ಮುಖಕ್ಕೆ ತೆಂಗಿನೆಣ್ಣೆ ಹಚ್ಚಿ ಒರೆಸಿ, ಬೀಡಿ ಹಚ್ಚಿ ಕೂತಿದ್ದಳು, ಅಲ್ಲ, ಕೂತಿದ್ದರು. ಅವರದು ಬೆಳಗಾದರೆ ಕಳಚುವ ವೇಷ. ನಿನ್ನದು ವೇಷವಲ್ಲವಲ್ಲ, ಹಾಗಾಗಿ ವೇಷದ ಅಳತೆ ನಿನಗೆ ಬೇಡ.

ಇನ್ನು ಮುಖಕ್ಕೆ ಬರೋಣ. ಕ್ಷೌರವನ್ನು ಬಿಸಿನೀರಿನ ಸ್ನಾನದ ನಂತರ, ಹೊಸ ಬ್ಲೇಡಿನಲ್ಲಿ, ಕೂದಲು ಬೆಳೆದ ದಿಕ್ಕಿಗೇ ಮಾಡು. ಎದುರು ದಿಕ್ಕಿಗೆ ಎಳೆದರೆ ನುಣುಪಾಗುವುದು ನಿಜ, ಆದರೆ ಸಂಜೆಗೆ ಕೆಂಪು ಗುಳ್ಳೆ ಏಳುತ್ತದೆ. ಅರ್ಧ ಗಂಟೆ ಬಿಟ್ಟು ತೆಳುವಾಗಿ ಕ್ರೀಮು ಹಚ್ಚು. ಉಳಿಯುವ ನೀಲಿ-ಹಸಿರು ನೆರಳಿನ ಮೇಲೆ ನೇರ ಬಿಳಿ ಪೌಡರು ಬಳಿದರೆ ಬೂದಿ ಬಳಿದ ಹಾಗೆ ಕಾಣುತ್ತದೆ. ನೀಲಿಯನ್ನು ಕೊಲ್ಲುವುದು ಕಿತ್ತಳೆ ಬಣ್ಣ. ಕಿತ್ತಳೆ-ಕೆಂಪು ಲಿಪ್‌ಸ್ಟಿಕ್ಕನ್ನು ಬೆರಳ ತುದಿಗೆ ಮುಟ್ಟಿಸಿಕೊಂಡು ಮೇಲ್ದುಟಿಯ ಮೇಲೂ ಗಲ್ಲದ ಮೇಲೂ ಒತ್ತು, ಉಜ್ಜಬೇಡ. ಅದರ ಮೇಲೆ ನಿನ್ನ ಕುತ್ತಿಗೆಯ ಬಣ್ಣಕ್ಕೆ ಹೊಂದುವ ಫೌಂಡೇಶನ್ನು, ಅದರ ಮೇಲೆ ಚೂರು ಪೌಡರು. ಮುಖದ ಬಣ್ಣವಲ್ಲ, ಕುತ್ತಿಗೆಯ ಬಣ್ಣ, ನೆನಪಿರಲಿ. ನಮ್ಮೂರ ಸೆಕೆಗೆ ಬಣ್ಣ ದಪ್ಪವಾದಷ್ಟೂ ಬೇಗ ಇಳಿಯುತ್ತದೆ. ಬೆವರನ್ನು ಒರೆಸದೆ ಹತ್ತಿಯ ಕರ್ಚೀಫಿನಿಂದ ಒತ್ತಿ ತೆಗೆ.

ಅರಿಸಿನ, ಕಡಲೆಹಿಟ್ಟು ಹಚ್ಚಿದರೆ ಗಡ್ಡ ಉದುರುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡ. ಲೇಸರ್ ಚಿಕಿತ್ಸೆ ಕಪ್ಪು ಕೂದಲಿಗೆ ಕೆಲಸ ಮಾಡುತ್ತದೆ, ಆದರೆ ನಾಲ್ಕಾರು ವಾರದ ಅಂತರದಲ್ಲಿ ಹಲವು ಸಲ ಹೋಗಬೇಕು. ಚರ್ಮವೈದ್ಯರಲ್ಲೇ ಹೋಗು, ಮದುವೆಗೆ ಮುಂಚಿನ ಎರಡು ವಾರ ಬೇಡ. “ಬೆಳ್ಳಗೆ ಮಾಡುವ” ಕ್ರೀಮಿನ ವಿಷಯ ನೀನು ಕೇಳಲಿಲ್ಲ, ನಾನೇ ಹೇಳುತ್ತೇನೆ. ಟ್ಯೂಬಿನ ಮೇಲೆ ಬೆಟಾಮೆಥಸೋನ್, ಮೊಮೆಟಾಸೋನ್, ಕ್ಲೋಬೆಟಸಾಲ್ ಎಂದಿದ್ದರೆ ಅದು ಸ್ಟೀರಾಯ್ಡು. ಕೆಲವು ವಾರ ಮುಖ ಹೊಳೆದೀತು. ಆಮೇಲೆ ಚರ್ಮ ತೆಳುವಾಗಿ, ಬೇಡದ ಕಡೆ ಕೂದಲು ಬರುವುದೂ ಉಂಟು. ಅದೇ ರೀತಿ, ಗೆಳತಿಯರು ಹೇಳಿದರೆಂದು ಗರ್ಭನಿರೋಧಕ ಮಾತ್ರೆಗಳನ್ನು ಗುಟ್ಟಾಗಿ ನುಂಗಬೇಡ. ರಕ್ತ ಹೆಪ್ಪುಗಟ್ಟುವ ಅಪಾಯವಿದೆ. ಹಾರ್ಮೋನು ಬೇಕಿದ್ದರೆ ರಕ್ತಪರೀಕ್ಷೆ ಮಾಡಿಸಿ ಕೊಡುವ ವೈದ್ಯರಿದ್ದಾರೆ, ಅವರ ಕೈಯಲ್ಲೇ ಆಗಲಿ.

ಸೀರೆಯ ವಿಷಯದಲ್ಲಿ ನನಗೆ ಸ್ವಂತ ಅನುಭವವಿದೆ, ನಾನೂ ತೆಂಗಿನ ಮರವೇ. ಎತ್ತರದವರ ಸಂಕಟ ಸೀರೆಯ ಉದ್ದದಲ್ಲಲ್ಲ, ಅಗಲದಲ್ಲಿ. ಹಿಮ್ಮಡಿ ಕಂಡರೆ ಎಷ್ಟು ಒಳ್ಳೆಯ ಸೀರೆಯೂ ಎರವಲು ತಂದ ಹಾಗೆ ಕಾಣುತ್ತದೆ. ಅಂಗಡಿಯಲ್ಲಿ 48 ಅಂಗುಲ ಅಗಲದ್ದನ್ನು ಕೇಳು. ಸಿಕ್ಕದಿದ್ದರೆ ಸೊಂಟಕ್ಕೆ ಸಿಕ್ಕಿಸುವ ಭಾಗದ ಮೇಲಂಚಿಗೆ ಮಾತ್ರ ಅದೇ ಬಣ್ಣದ ನಾಲ್ಕು ಅಂಗುಲದ ಹತ್ತಿಪಟ್ಟಿ ಹೊಲಿಸು. ಒಳಗೆ ಹೋಗುವುದರಿಂದ ಯಾರಿಗೂ ಕಾಣದು. ಲಂಗ ಕಳಿಗಳಿರುವುದಾಗಲಿ, ಸೊಂಟಕ್ಕೆ ಸ್ವಲ್ಪ ತುಂಬಿಕೊಂಡ ಹಾಗೆ ಆಗುತ್ತದೆ. ರವಿಕೆಗೆ ಪಫ್ ತೋಳು ಬೇಡವೇ ಬೇಡ, ದೋಣಿಯಂಥ ಅಗಲ ಕತ್ತೂ ಬೇಡ. ಎರಡೂ ಭುಜವನ್ನು ಇನ್ನೂ ಅಗಲ ಮಾಡುತ್ತವೆ. ಮೊಣಕೈವರೆಗಿನ ತೋಳು, ಮುಂದೆ ಇಳಿದ ಕತ್ತು, ಸಣ್ಣ ಅಂಚಿನ ಸೀರೆ, ನೆರಿಗೆ ಹಿಡಿದು ಪಿನ್ನು ಹಾಕಿದ ಸೆರಗು ಚೆನ್ನ. ಒಳಗೆ ಪ್ಯಾಡು ಇಡುವವರು ಹಿತಮಿತವಾಗಿ ಇಡಿ. ಟೈಲರಿಗೆ ಅಳತೆ ಕೊಡಲು ಮುಜುಗರವಾದರೆ ಸರಿಯಾಗಿ ಹೊಂದುವ ಹಳೆ ರವಿಕೆಯನ್ನೇ ಅಳತೆಗೆ ಕೊಡು. ಬಳೆ ಅಂಗಡಿಯಲ್ಲಿ ನಾಚದೆ 2.10ರ ಅಳತೆ ಕೇಳು. ನನ್ನದೂ ಅದೇ. ಕೊರಳಿಗೆ ಉದ್ದದ ಅವಲಕ್ಕಿ ಸರವಿದ್ದರೆ ಹಾಕು, ನೋಡುವವರ ಕಣ್ಣು ಗಂಟಲಿನ ಮೇಲೆ ನಿಲ್ಲದೆ ಕೆಳಗಿಳಿಯುತ್ತದೆ. ಮಲ್ಲಿಗೆ ಒಂದು ಚೆಂಡು ಧಾರಾಳವಾಯಿತು. ಮದುಮಗಳ ತಲೆಗೇ ಅಟ್ಟೆಗಟ್ಟಲೆ ಬೇಕಲ್ಲ!

ನಡಿಗೆ, ಸ್ವರ. ಕುಂದಾಪುರದ ಸಂತೆಯಲ್ಲಿ ಹತ್ತು ನಿಮಿಷ ನಿಂತು ನಿನ್ನ ವಯಸ್ಸಿನ ಹೆಂಗಸರನ್ನು ನೋಡು. ಯಾರೂ ಬಳುಕುವುದಿಲ್ಲ. ಚೀಲ ಹಿಡಿದು, ಬಸ್ಸು ತಪ್ಪೀತೆಂದು ದಡಬಡ ನಡೆಯುತ್ತಾರೆ. ಮೀನು ಮಾರುವ ಅಮ್ಮಂದಿರ ಸ್ವರ ಎಷ್ಟು ದಪ್ಪ, ಯಾರಾದರೂ ಅನುಮಾನಪಟ್ಟದ್ದುಂಟೇ? ಫೋನಿನಲ್ಲಿ ನನ್ನನ್ನು ಈಗಲೂ “ಸರ್” ಎನ್ನುವವರಿದ್ದಾರೆ. ಕೀರಲು ಸ್ವರ ತೆಗೆಯಬೇಡ, ಗಂಟಲು ನೋವೇ ಹೊರತು ಪ್ರಯೋಜನವಿಲ್ಲ. ಹಾರ್ಮೋನು ಮಾತ್ರೆಯಿಂದಲೂ ಒಡೆದ ಸ್ವರ ಹಿಂದಕ್ಕೆ ಹೋಗುವುದಿಲ್ಲ. ಅಭ್ಯಾಸದಿಂದ ಮಾತ್ರ ಬದಲಾಗುತ್ತದೆ: ಎದೆಯಲ್ಲಿ ಗುಂಯ್‌ಗುಡದೆ ಬಾಯಿಯ ಮುಂಭಾಗದಲ್ಲಿ ಮಾತಾಡುವುದು, ರಾಗವನ್ನು ಸ್ವಲ್ಪ ಏರಿಳಿಸುವುದು. ಇದನ್ನು ಕಲಿಸುವ ವಾಕ್ ಚಿಕಿತ್ಸಕರಿದ್ದಾರೆ. 1965ರಲ್ಲಿ ಆರಂಭವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಈ ವಿದ್ಯೆಗೇ ಮೀಸಲು. ಊರಿಗೆ ಹತ್ತಿರವೆಂದರೆ ಮಣಿಪಾಲದಲ್ಲೂ ವಿಭಾಗವಿದೆ. ಒಂದು ಅನುಕೂಲ ನಮಗೆ ಭಾಷೆಯಿಂದಲೇ ಬಂದಿದೆ. ಹಿಂದಿಯವರು “ನಾನು ಬರುತ್ತೇನೆ” ಎಂದರೂ ಗಂಡೋ ಹೆಣ್ಣೋ ಹೇಳಲೇಬೇಕು. ಕನ್ನಡದಲ್ಲಿ “ಬತ್ತೆ” ಅಂದರೆ ಮುಗಿಯಿತು.

ಬಸ್ಸಿನ ಮಾತು ಬಂದದ್ದಕ್ಕೆ ಇದನ್ನೂ ಹೇಳಿಬಿಡುತ್ತೇನೆ. 2023ರ ಜೂನ್ 11ರಂದು ರಾಜ್ಯದಲ್ಲಿ ಶಕ್ತಿ ಯೋಜನೆ ಆರಂಭವಾದಾಗ ಸರಕಾರಿ ಬಸ್ಸಿನ ಉಚಿತ ಪ್ರಯಾಣಕ್ಕೆ ಹೆಂಗಸರ ಜೊತೆ ಲಿಂಗತ್ವ ಅಲ್ಪಸಂಖ್ಯಾತರನ್ನೂ ಸೇರಿಸಿದ್ದರು. ಆದರೆ ಕಾರ್ಡಿನಲ್ಲಿ ಹಳೆ ಹೆಸರು, ಹಳೆ ಫೋಟೋ ಇದ್ದು ತುಂಬಿದ ಬಸ್ಸಿನಲ್ಲಿ ವಿವರಣೆ ಕೊಡಲು ಮನಸ್ಸಿಲ್ಲದ ದಿನ, ದುಡ್ಡು ಕೊಟ್ಟು ಟಿಕೇಟು ತೆಗೆ. ನೆಮ್ಮದಿಗೆ ಅಷ್ಟು ಖರ್ಚು ಮಾಡಿದರೆ ತಪ್ಪಿಲ್ಲ.

ಈಗ ಆ ಎರಡು ಸಾಲು. ನೇರ ಮದುವೆಯ ದಿನವೇ ಸೀರೆ ಉಟ್ಟು ಹಾಲಿಗೆ ಕಾಲಿಡುವ ಯೋಚನೆ ಇದ್ದರೆ ನನಗೆ ಒಪ್ಪಿಗೆಯಿಲ್ಲ. ಅವತ್ತು ಎಲ್ಲರ ಕಣ್ಣೂ ಬಿಡುವಾಗಿರುತ್ತವೆ, ಬಂದ ನೆಂಟರಿಗೆ ಊಟದವರೆಗೆ ಬೇರೆ ಕೆಲಸವಿಲ್ಲ. ಹದಿನೈದು ದಿನ ಮೊದಲೇ ಎರಡು ದಿನ ರಜೆ ಹಾಕಿ ಹೋಗು. ರೇಷ್ಮೆ ಬೇಡ, ಹಗುರದ ಒಂದು ಉಡುಪಿ ಕೈಮಗ್ಗದ ಸೀರೆಯೋ ಚೂಡಿದಾರವೋ ಸಾಕು, ಮುಖಕ್ಕೆ ಕಾಡಿಗೆ, ಬೊಟ್ಟು ಅಷ್ಟೇ. ಮನೆಯಲ್ಲಿ ಮದುವೆ ತಯಾರಿಯ ಕೆಲಸ ರಾಶಿ ಇರುತ್ತದೆ, ಮಾಡು. ಅಂಗಳ ದಾಟಿ ಹೋಗುವವರು ಕಾಣಲಿ, ಮಾತಾಡಿಕೊಳ್ಳಲಿ. ಇಷ್ಟು ದಿನ “ಎಂತ ಮಾಣಿ” ಎಂದವರಿಗೆ “ಎಂತ ಹೆಣೆ” ಎನ್ನಲು ನಾಲಿಗೆ ಹೊರಳಬೇಕಲ್ಲ, ಸಮಯ ಬೇಕು. ಕೆಲವರದು ಹೊರಳುವುದೇ ಇಲ್ಲ. ತಪ್ಪಿ ಅಂದವರನ್ನೂ ಬೇಕೆಂದೇ ಅಂದವರನ್ನೂ ಒಂದೇ ತಕ್ಕಡಿಯಲ್ಲಿ ಹಾಕಬೇಡ.

ಕೇಳಬೇಕಾದ್ದು ಮೊದಲು ತಂಗಿಯನ್ನು. ಮದುವೆ ಅವಳದು. ಅವಳು ಹೂಂ ಎಂದರೆ ಅಮ್ಮನ ಹತ್ತಿರ ಅವಳೇ ಮಾತಾಡಲಿ, ನಿನ್ನ ಬಾಯಿಂದ ಬರುವುದಕ್ಕಿಂತ ಅದು ಸಲೀಸು. ಅಮ್ಮನ ಹೆದರಿಕೆ ನಿನ್ನ ಸೀರೆಯದ್ದೋ, ಗಂಡಿನ ಕಡೆಯವರದ್ದೋ? ನನ್ನ ಊಹೆ ಎರಡನೆಯದು. ಹಾಗಿದ್ದರೆ ಗಂಡಿನ ಮನೆಗೆ ಮೊದಲೇ ತಿಳಿಸಿಬಿಡುವುದು ಒಳ್ಳೆಯದು. ಇಷ್ಟಾದರೂ ಅಮ್ಮ ಒಪ್ಪದೇ ಹೋಗಬಹುದು. ಆಗ ಪ್ಯಾಂಟು ಹಾಕಿಕೊಂಡು ಹೋಗೆಂದು ನಾನು ಹೇಳುವುದಿಲ್ಲ, ಹಟ ಮಾಡೆಂದೂ ಹೇಳುವುದಿಲ್ಲ. ಮದರಂಗಿಯ ರಾತ್ರಿ ಮನೆಯವರಷ್ಟೇ ಇರುವಾಗ ಸೀರೆ ಉಟ್ಟು ಹೋಗಿ ತಂಗಿಯ ಕೈ ಹಿಡಿದು ಕೂತು ಬಂದರೆ ಅದೂ ಮದುವೆಗೆ ಹೋದಂತೆಯೇ. ಅದು ನಿನಗೆ ಕಡಿಮೆ ಎನ್ನಿಸಿದರೆ ನಿನ್ನ ಬೇಸರ ನ್ಯಾಯವಾದದ್ದೇ. ನನ್ನಲ್ಲಿ ಅದಕ್ಕೆ ಬೇರೆ ಮದ್ದಿಲ್ಲ.

ಧೈರ್ಯಕ್ಕೆ ಒಂದು ದೃಶ್ಯ ಹೇಳುತ್ತೇನೆ. 2021ರ ನವೆಂಬರಿನಲ್ಲಿ ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿಯವರು ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ತೆಗೆದುಕೊಳ್ಳಲು ಹೋದರು. ಪ್ರಶಸ್ತಿಗೆ ಕೈಚಾಚುವ ಮೊದಲು ಸೆರಗು ಹಿಡಿದು ರಾಷ್ಟ್ರಪತಿ ರಾಮನಾಥ ಕೋವಿಂದರ ದೃಷ್ಟಿ ತೆಗೆದರು, ಮೊಮ್ಮಗನಿಗೆ ಅಜ್ಜಿ ತೆಗೆದ ಹಾಗೆ. ಅವರು ಯಾರೆಂದು ಆ ಸಭೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಮುಚ್ಚಿಡಲು ಅವರು ಒಂದು ಚಿಟಿಕೆ ಪೌಡರನ್ನೂ ಖರ್ಚು ಮಾಡಿದ ಹಾಗೆ ನನಗೆ ಕಾಣಲಿಲ್ಲ. ಹಟ್ಟಿಯಂಗಡಿಯ ಅಂಗಳಕ್ಕೆ ನಿನಗೆ ಬೇಕಾದ್ದು ಅಂಥ ನಿಲುವು, ಬಸ್ಸಿಗೆ ಕಿತ್ತಳೆ ಲಿಪ್‌ಸ್ಟಿಕ್ಕು.

ಹೊರಡುವ ಮುಂಚೆ: ಸೀರೆಯನ್ನು ಮನೆಯಲ್ಲಿ ನಾಲ್ಕು ಸಲ ಉಟ್ಟು, ಕೂತು, ಎದ್ದು, ಮೆಟ್ಟಿಲು ಹತ್ತಿ ನೋಡು. ಮದುವೆ ಹಾಲಿನಲ್ಲಿ ಸೀರೆ ಸರಿಮಾಡಿಕೊಳ್ಳುವ ಕೋಣೆ, ಬಚ್ಚಲು ಎಲ್ಲಿದೆ ಎಂದು ಮೊದಲೇ ತಿಳಿದುಕೋ. ಅತ್ತಿಗೆಯೋ ಚಿಕ್ಕಮ್ಮನೋ, ಒಬ್ಬರು ದಿನವಿಡೀ ಜೊತೆಗಿರಲಿ. ಹತ್ತು ಪಿನ್ನು ಪರ್ಸಿನಲ್ಲಿರಲಿ. ರವಿಕೆಯ ಒಳಹೊಲಿಗೆಯಲ್ಲಿ ಒಂದು ಅಂಗುಲ ಬಟ್ಟೆ ಬಿಡಲು ಟೈಲರಿಗೆ ಹೇಳಲು ಮರೆಯಬೇಡ, ಮದುವೆ ಮನೆಯ ಊಟ ಎರಡು ದಿನ ಉಂಡ ಮೇಲೆ ಬೇಕಾಗುತ್ತದೆ.

ಮುಖಲೇಪಗಳು ಮುಂದಿನ ಸಂಚಿಕೆಗೆ.