ಹಗುರಾಗಲು ಆಡುವ ಆಟದಲ್ಲೂ 100% ಬೇಕೇ? ಅಚೀವ್‌ಮೆಂಟ್‌ಗಳ ಬಗ್ಗೆ ತಿಳಿಯಬೇಕಾದ ಸಂಗತಿಗಳು

ವಿಡಿಯೊ ಗೇಮ್‌ಗಳ ಬಗ್ಗೆ ವಾಟ್ಸಾಪ್ ಗುಂಪುಗಳಲ್ಲಿ ಎರಡು ಬಗೆಯ ಸಂದೇಶಗಳು ಓಡಾಡುತ್ತಿರುತ್ತವೆ. 'ಗೇಮ್ ಆಡಿದರೆ ಮೆದುಳಿನಲ್ಲಿ ಡೋಪಮೈನ್ ಉಕ್ಕುತ್ತದೆ, ಅದೂ ಒಂದು ಮಾದಕ ವಸ್ತುವೇ' ಎನ್ನುತ್ತದೆ ಒಂದು. 'ದಿನಾ ಒಂದು ಶಾಂತವಾದ ಗೇಮ್ ಆಡಿ, ಒತ್ತಡ ಮಾಯ' ಎನ್ನುತ್ತದೆ ಇನ್ನೊಂದು. ಎರಡರಲ್ಲೂ ಅರ್ಧ ಸತ್ಯವಿದೆ. ಉಳಿದರ್ಧ ಗೊತ್ತಾಗಬೇಕಾದರೆ ಎಷ್ಟು ಹೊತ್ತು ಆಡುತ್ತೇವೆ ಎಂಬುದರ ಜೊತೆಗೆ ಏಕೆ ಆಡುತ್ತೇವೆ ಎಂದೂ ಕೇಳಿಕೊಳ್ಳಬೇಕು. ಒಂದು ಪುಟ್ಟ ಆಟವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ.

ಎರಡು ಗಂಟೆಯ ಬೆಟ್ಟ

'ಎ ಶಾರ್ಟ್ ಹೈಕ್' 2019ರಲ್ಲಿ ಬಂದ ಆಟ. ಕೆನಡಾದ ಆಡಂ ರಾಬಿನ್ಸನ್-ಯು ಇದನ್ನು ರೂಪಿಸಿದವರು. ಸಣ್ಣ ತಂಡಗಳು ಮಾಡುವ ಆಟಗಳಿಗಾಗಿ ನಡೆಯುವ ಇಂಡಿಪೆಂಡೆಂಟ್ ಗೇಮ್ಸ್ ಫೆಸ್ಟಿವಲ್‌ನಲ್ಲಿ 2020ರ ಅತ್ಯುನ್ನತ ಬಹುಮಾನ ಇದಕ್ಕೇ ಸಿಕ್ಕಿತು. ಕ್ಲೇರ್ ಎಂಬ ಹಕ್ಕಿ ಒಂದು ಮುಖ್ಯವಾದ ಫೋನ್ ಕರೆಗಾಗಿ ಕಾಯುತ್ತಿದ್ದಾಳೆ. ಅವಳಿರುವ ದ್ವೀಪದಲ್ಲಿ ಸಿಗ್ನಲ್ ಸಿಗುವುದು ಬೆಟ್ಟದ ತುದಿಯಲ್ಲಿ ಮಾತ್ರ. ಆದ್ದರಿಂದ ಅವಳು ಬೆಟ್ಟ ಹತ್ತಬೇಕು. ಕಥೆ ಇಷ್ಟೇ.

ಇಲ್ಲಿ ಶತ್ರುಗಳಿಲ್ಲ, ಬಿದ್ದರೆ ಸಾವಿಲ್ಲ. ಬಿದ್ದ ಹಕ್ಕಿ ರೆಕ್ಕೆ ಬಿಚ್ಚಿ ತೇಲುತ್ತಾ ಇಳಿಯುತ್ತದೆ. ದಾರಿಯಲ್ಲಿ ಚಿನ್ನದ ಗರಿ ಹುಡುಕಬಹುದು, ಮೀನು ಹಿಡಿಯಬಹುದು, ಮಗುವೊಂದಕ್ಕೆ ಚಿಪ್ಪು ಆರಿಸಿ ಕೊಡಬಹುದು, ಇನ್ನೊಂದು ಹಕ್ಕಿಯ ಜೊತೆ ಓಟದ ಪಂದ್ಯ ಕಟ್ಟಬಹುದು. ನೇರವಾಗಿ ಹತ್ತಿದರೆ ಎರಡು ಗಂಟೆಯೊಳಗೆ ಆಟ ಮುಗಿಯುತ್ತದೆ. ಎಲ್ಲವನ್ನೂ ಮಾಡಿ ಮುಗಿಸುತ್ತೇನೆ ಎಂದು ಹೊರಟರೆ ಇನ್ನೂ ಕೆಲವು ಗಂಟೆ ಬೇಕು. ನಮ್ಮ ಪ್ರಶ್ನೆ ಇರುವುದು ಆ 'ಇನ್ನೂ ಕೆಲವು ಗಂಟೆ'ಯ ಬಗ್ಗೆ.

ಅಚೀವ್‌ಮೆಂಟ್ ಎಲ್ಲಿಂದ ಬಂತು?

ಆಟದೊಳಗೆ ನಿರ್ದಿಷ್ಟ ಕೆಲಸವೊಂದನ್ನು ಮಾಡಿದಾಗ ಪರದೆಯ ಮೂಲೆಯಲ್ಲಿ ಮೂಡುವ ಪದಕವೇ ಅಚೀವ್‌ಮೆಂಟ್. ಇದರ ಬೇರು 1980ರ ದಶಕದ ಆರಂಭದಲ್ಲಿದೆ. ಆಗ ಆಕ್ಟಿವಿಷನ್ ಕಂಪನಿಯ ಆಟದಲ್ಲಿ ನಿಗದಿತ ಅಂಕ ಗಳಿಸಿದವರು ಟಿವಿ ಪರದೆಯ ಫೋಟೊ ತೆಗೆದು ಅಂಚೆಯಲ್ಲಿ ಕಳುಹಿಸುತ್ತಿದ್ದರು. ಕಂಪನಿ ಅವರಿಗೆ ಬಟ್ಟೆಯ ಬ್ಯಾಡ್ಜ್ ಕಳುಹಿಸುತ್ತಿತ್ತು. 2005ರಲ್ಲಿ ಎಕ್ಸ್‌ಬಾಕ್ಸ್ 360 ಇದನ್ನು ಡಿಜಿಟಲ್ ರೂಪದಲ್ಲಿ ಎಲ್ಲ ಆಟಗಳಿಗೂ ತಂದಿತು. 2007ರಲ್ಲಿ ಸ್ಟೀಮ್, 2008ರಲ್ಲಿ ಪ್ಲೇಸ್ಟೇಷನ್ ಅದೇ ದಾರಿ ಹಿಡಿದವು. ನಂತರ ಮೊಬೈಲ್ ಆಟಗಳಿಗೂ ಬಂತು.

ನಿಂಟೆಂಡೊ ಸ್ವಿಚ್ ಕನ್ಸೋಲ್‌ನಲ್ಲಿ ಮಾತ್ರ ಇಂಥ ವ್ಯವಸ್ಥೆ ಇಲ್ಲ. ಆದರೂ 'ಎ ಶಾರ್ಟ್ ಹೈಕ್' ಅದರಲ್ಲೂ ಇದೆ, ಜನ ಆಡುತ್ತಾರೆ. ಅಂದರೆ ಅಚೀವ್‌ಮೆಂಟ್ ಎಂಬುದು ಆಟದ ಮೇಲೆ ಹಾಸಿದ ಇನ್ನೊಂದು ಪದರ.

ಒಂದೇ ಒಂದು ಬಾಕಿ ಇದ್ದರೆ ಕಾಡುವುದೇಕೆ?

ಗುರಿ ಹತ್ತಿರವಾದಷ್ಟೂ ನಾವು ವೇಗ ಹೆಚ್ಚಿಸುತ್ತೇವೆ. 2006ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಕಾಫಿ ಅಂಗಡಿಯ ಗ್ರಾಹಕರಿಗೆ ಕಾರ್ಡ್ ಕೊಡಲಾಯಿತು. ಕೆಲವರ ಕಾರ್ಡ್‌ನಲ್ಲಿ 10 ಖಾಲಿ ಮನೆಗಳಿದ್ದವು. ಉಳಿದವರ ಕಾರ್ಡ್‌ನಲ್ಲಿ 12 ಮನೆಗಳಿದ್ದು ಎರಡಕ್ಕೆ ಮೊದಲೇ ಮುದ್ರೆ ಬಿದ್ದಿತ್ತು. ಇಬ್ಬರೂ ಕೊಳ್ಳಬೇಕಾದ್ದು 10 ಕಾಫಿಯೇ. ಆದರೂ 12 ಮನೆಯವರು ಬೇಗ ಮುಗಿಸಿದರು. 'ಆಗಲೇ ಶುರುವಾಗಿದೆ' ಎಂಬ ಭಾವನೆಯೇ ಅವರನ್ನು ತಳ್ಳಿತು. ಅಚೀವ್‌ಮೆಂಟ್ ಪಟ್ಟಿಯ ಶೇಕಡಾವಾರು ಸಂಖ್ಯೆ ಮಾಡುವುದೂ ಇದನ್ನೇ. ಕಾಡುವುದು ನಿಮ್ಮ ದೌರ್ಬಲ್ಯವಲ್ಲ. ಪಟ್ಟಿಯ ವಿನ್ಯಾಸವೇ ಹಾಗಿದೆ.

ಬಹುಮಾನ ಖುಷಿಯನ್ನು ತಿನ್ನಬಲ್ಲದು

1973ರಲ್ಲಿ ಮಾರ್ಕ್ ಲೆಪ್ಪರ್ ಮತ್ತು ಸಂಗಡಿಗರು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ ಒಂದು ಪ್ರಯೋಗ ಮಾಡಿದರು. ಬಣ್ಣದ ಪೆನ್ನಿನಿಂದ ಚಿತ್ರ ಬಿಡಿಸುವುದನ್ನು ಇಷ್ಟಪಡುತ್ತಿದ್ದ ಮಕ್ಕಳನ್ನು ಮೂರು ಗುಂಪು ಮಾಡಿದರು. ಮೊದಲ ಗುಂಪಿಗೆ 'ಬಿಡಿಸಿದರೆ ಪ್ರಶಸ್ತಿಪತ್ರ ಕೊಡುತ್ತೇವೆ' ಎಂದು ಮೊದಲೇ ಹೇಳಿದರು. ಎರಡನೆಯದಕ್ಕೆ ಹೇಳದೆ, ಕೊನೆಗೆ ಅಚ್ಚರಿಯಾಗಿ ಕೊಟ್ಟರು. ಮೂರನೆಯದಕ್ಕೆ ಏನೂ ಕೊಡಲಿಲ್ಲ. ಕೆಲವು ದಿನಗಳ ನಂತರ ಬಿಡುವಿನ ವೇಳೆಯಲ್ಲಿ ಗಮನಿಸಿದಾಗ, ಮೊದಲ ಗುಂಪಿನ ಮಕ್ಕಳು ಉಳಿದವರ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬಿಡಿಸುತ್ತಿದ್ದರು. ಅಚ್ಚರಿಯ ಬಹುಮಾನ ಪಡೆದವರ ಆಸಕ್ತಿ ಕುಂದಿರಲಿಲ್ಲ.

ಪರದೆಯ ಮೇಲಿನ ಪದಕಕ್ಕೂ ಕೈಗೆ ಸಿಗುವ ಪ್ರಶಸ್ತಿಗೂ ವ್ಯತ್ಯಾಸವಿದೆ ನಿಜ. ಆದರೆ ಸುಳಿವು ಸ್ಪಷ್ಟ. ಅಲೆಯುತ್ತಾ ಹೋದಾಗ ತಾನಾಗಿ ಸಿಕ್ಕ ಅಚೀವ್‌ಮೆಂಟ್ ಅಚ್ಚರಿಯ ಉಡುಗೊರೆಯಂತೆ. ಪಟ್ಟಿ ತೆರೆದಿಟ್ಟುಕೊಂಡು, ಯೂಟ್ಯೂಬ್ ನೋಡಿ, ಒಂದೊಂದಕ್ಕೇ ಗುರುತು ಹಾಕುತ್ತಾ ಹೋದರೆ ಬೆಟ್ಟವೇ ಕಚೇರಿಯಾಗುತ್ತದೆ.

ಹೊತ್ತಿಗಿಂತ ಕಾರಣ ಮುಖ್ಯ

ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2022ರಲ್ಲಿ ಸುಮಾರು 39,000 ಆಟಗಾರರ ಅಧ್ಯಯನವನ್ನು ಪ್ರಕಟಿಸಿದರು. ಆಟಗಾರರು ಹೇಳಿದ ಲೆಕ್ಕವನ್ನಷ್ಟೇ ನಂಬದೆ, 7 ಆಟಗಳ ಕಂಪನಿಗಳಿಂದ ಆಟದ ನಿಜವಾದ ಅವಧಿಯನ್ನೇ ಪಡೆದಿದ್ದರು. ಆಡಿದ ಹೊತ್ತಿಗೂ ಮನಸ್ಸಿನ ನೆಮ್ಮದಿಗೂ ಗಣನೀಯ ಸಂಬಂಧ ಕಾಣಲಿಲ್ಲ. ಆದರೆ ಇಷ್ಟಪಟ್ಟು ಆಡಿದವರಲ್ಲಿ ನೆಮ್ಮದಿ ಹೆಚ್ಚಿತ್ತು, 'ಆಡಲೇಬೇಕು' ಎಂಬ ಒತ್ತಾಯದಿಂದ ಆಡಿದವರಲ್ಲಿ ಕಡಿಮೆ ಇತ್ತು.

ಹಾಗಾದರೆ ಡೋಪಮೈನ್? 1998ರಲ್ಲಿ ಲಂಡನ್‌ನಲ್ಲಿ 8 ಮಂದಿಯ ಮೇಲೆ ನಡೆದ ಅಧ್ಯಯನದಲ್ಲಿ ಗೇಮ್ ಆಡುವಾಗ ಡೋಪಮೈನ್ ಬಿಡುಗಡೆಯಾಗುವುದು ಕಂಡಿತ್ತು. ಆದರೆ ರುಚಿಯಾದ ಊಟ ಮಾಡಿದಾಗಲೂ ಇಷ್ಟದ ಹಾಡು ಕೇಳಿದಾಗಲೂ ಅದು ಬಿಡುಗಡೆಯಾಗುತ್ತದೆ. ಡೋಪಮೈನ್ ಬಂದ ಮಾತ್ರಕ್ಕೆ ಅದು ಚಟವಲ್ಲ.

ಯಾವಾಗ ಎಚ್ಚರ ಬೇಕು?

ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ, 2022ರಿಂದ ಜಾರಿಗೆ ಬಂದಂತೆ, 'ಗೇಮಿಂಗ್ ಡಿಸಾರ್ಡರ್' ಸೇರಿದೆ. ಆದರೆ ಅದಕ್ಕೆ ಗಟ್ಟಿಯಾದ ಲಕ್ಷಣಗಳಿವೆ. ಆಟದ ಮೇಲೆ ಹಿಡಿತ ತಪ್ಪಿರಬೇಕು. ಓದು, ಕೆಲಸ, ನಿದ್ದೆಗಿಂತ ಆಟವೇ ಮುಂದಾಗಿರಬೇಕು. ತೊಂದರೆಯಾಗುತ್ತಿದ್ದರೂ ಆಟ ಮುಂದುವರಿದಿರಬೇಕು. ಬದುಕಿಗೆ ತೀವ್ರ ಧಕ್ಕೆ ತರುವ ಈ ಸ್ಥಿತಿ ಸಾಮಾನ್ಯವಾಗಿ 12 ತಿಂಗಳಾದರೂ ಕಂಡುಬಂದಿರಬೇಕು. ಒಂದು ಭಾನುವಾರ ಮಗ ಎಲ್ಲ ಮೀನು ಹಿಡಿಯಲು ಕೂತರೆ ಅದು ಕಾಯಿಲೆಯಲ್ಲ. ಮೇಲಿನ ಲಕ್ಷಣಗಳು ನಿಜವಾಗಿಯೂ ಇದ್ದರೆ ಮಾತ್ರ ಬೈಗುಳ ಬಿಟ್ಟು ವೈದ್ಯರ ಬಳಿ ಹೋಗಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ 2014ರಿಂದ 'ಶಟ್' ಕ್ಲಿನಿಕ್ ನಡೆಯುತ್ತಿದೆ.

ನೀವು ಮಾಡಬಹುದಾದ್ದು

• ಮೊದಲ ಸಲ ಆಡುವಾಗ ಅಚೀವ್‌ಮೆಂಟ್ ಪಟ್ಟಿ ತೆರೆಯಬೇಡಿ. ಆಟ ಮುಗಿದ ಮೇಲೆ ನೋಡಿ.
• ಬಾಕಿ ಉಳಿದವುಗಳಲ್ಲಿ, ಪದಕ ಇಲ್ಲದಿದ್ದರೂ ಮಾಡುತ್ತಿದ್ದಿರಿ ಎನಿಸುವುದನ್ನು ಮಾತ್ರ ಆರಿಸಿಕೊಳ್ಳಿ.
• 'ಇದೊಂದು ಮುಗಿಸಿ ಮಲಗುತ್ತೇನೆ' ಎಂದು ಎರಡನೇ ಬಾರಿ ಹೇಳಿಕೊಂಡಿರಾದರೆ, ಆಟ ಸೇವ್ ಮಾಡಿ ಮಲಗಿ. ಪಟ್ಟಿ ನಾಳೆಯೂ ಅಲ್ಲೇ ಇರುತ್ತದೆ.
• ಅಚೀವ್‌ಮೆಂಟ್ ಕೊಡಿಸುತ್ತೇವೆ ಎಂದು ಪಾಸ್‌ವರ್ಡ್ ಅಥವಾ ಒಟಿಪಿ ಕೇಳುವ ಲಿಂಕ್ ಮುಟ್ಟಬೇಡಿ. ಹಣ ಹೋಗಿದ್ದರೆ ತಕ್ಷಣ 1930ಕ್ಕೆ ಕರೆ ಮಾಡಿ.

ಪಟ್ಟಿ ಪೂರ್ತಿ ಮಾಡುವುದೇ ನಿಮಗೆ ಖುಷಿ ಕೊಡುತ್ತದೆಯೇ? ಹಾಗಾದರೆ ಧಾರಾಳವಾಗಿ ಮಾಡಿ, ಅದೂ ಒಂದು ಆಟವೇ. ಖುಷಿ ಇಲ್ಲದೆ ಬೆರಳು ಮಾತ್ರ ಓಡುತ್ತಿದ್ದರೆ ಅಲ್ಲಿಗೆ ನಿಲ್ಲಿಸಿ. 63%ಕ್ಕೆ ನಿಂತರೂ ನೀವು ಬೆಟ್ಟ ಹತ್ತಿದ್ದು ಸುಳ್ಳಾಗುವುದಿಲ್ಲ.